ಇಪ್ಪತ್ಮೂರನೇ ನಳಿಕೆ

ಹೆಸರು ಕೇಳಬ್ಯಾಡ, ಅಂದಿದ್ದಳು ಯಮನವ್ವ.
ಹೆಸರು ಹೇಳಿದ ಮದ್ದು ಬರೀ ತಪ್ಪಲ.
ಗುಳೇದಗುಡ್ಡದ ಕೆಂಪು ಬಂಡೆಯ ಸೀಳಿನಿಂದ
ಮೂರು ಬಳ್ಳಿ ಕಿತ್ತು ಸೆರಗಿಗೆ ಕಟ್ಟಿ
ಬೆನ್ನು ತಿರುಗಿಸಿ ನಿಂತಳು,
ನಾನು ಎಲೆಯ ಹಿಂಬದಿ ನೋಡುತ್ತಿದ್ದುದನ್ನು
ನೋಡದವಳಂತೆ.

ಹೆಸರು ಸಿಕ್ಕಿತು ಬಿಡಿ.
ಸಸ್ಯಶಾಸ್ತ್ರದ ಹುದ್ದಾರ ಸರ್ ಭೂತಗನ್ನಡಿ ಹಿಡಿದು
ಹೂವಿನ ಎದೆ ಬಗೆದು
ಲ್ಯಾಟಿನ್ನಿನ ಎರಡು ಶಬ್ದ ಬರೆದುಕೊಟ್ಟರು.
ಅದು ಗಿಡದ ಹೆಸರು. ನನಗೆ ಬೇಕಿದ್ದುದು
ಗಿಡದೊಳಗಿದ್ದವರದು.
ಕಾಮಣಿಯ ಕಣ್ಣನ್ನು ಮತ್ತೆ ಬೆಳ್ಳಗೆ ಮಾಡುವವರು
ಅಲ್ಲಿ ಯಾರು?

ನೆರಳಲ್ಲಿ ಒಣಗಿದ ನಾಲ್ಕು ಕಿಲೋ ತಪ್ಪಲು
ಮೂರು ಹಗಲು ಮೂರು ರಾತ್ರಿ ಮೆಥನಾಲಿನಲ್ಲಿ ನೆನೆದು
ತನ್ನ ಹಸಿರನ್ನೆಲ್ಲ ಒಪ್ಪಿಸಿಬಿಟ್ಟಿತು.
ಬಿಸಿನೀರ ಮೇಲೆ ತಿರುಗುವ ಗಾಜಿನ ಬುರುಡೆ,
ಕರೆಂಟು ಹೋದಾಗೊಮ್ಮೆ ಪಂಪು ನಿಂತು
ಮತ್ತೆ ಮೊದಲಿಂದ.
ಕೊನೆಗೆ ಬುಡದಲ್ಲಿ ಉಳಿದದ್ದು ಕಪ್ಪು ಜಿಗುಟು,
ಚಕ್ಕಡಿ ಗಾಲಿಯ ಕೀಲೆಣ್ಣೆಯಂಥದ್ದು.

ಉದ್ದನೆಯ ಕೊಳವೆಗೆ ಬಿಳಿ ಸಿಲಿಕಾ ತುಂಬಿ
ಅದರ ನೆತ್ತಿಗೆ ಇದನ್ನಿಟ್ಟು ದ್ರಾವಕ ಸುರಿದೆ.
ಇಳಿಯತೊಡಗಿದರು.
ಹಳದಿ ಮುಂದೆ, ಹಸಿರು ಅದರ ಬೆನ್ನಿಗೆ,
ಸಿಲಿಕಾದ ಕೈ ಬಿಡಲೊಲ್ಲದ ಕಂದು ಎಲ್ಲರ ಹಿಂದೆ.

ಹಳೇ ಬಾಗಲಕೋಟೆ ನೀರಿಗೆ ಹೋದ ವರ್ಷ
ಟ್ರಕ್ಕಿನ ಮೇಲೆ ಮಂಚ, ಮಂಚದ ಮೇಲೆ ನಾನು.
ಒಂದೇ ಓಣಿಯ ಬಣಗಾರರು, ಅತ್ತಾರರು, ಸಿಂಪಿಗೇರರು,
ಮದ್ದು ಕೊಡುವ ಯಮನವ್ವ,
ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ.
ಓಣಿಗೆ ಹೆಸರಿತ್ತು. ಸೆಕ್ಟರಿಗೆ ನಂಬರು.

ನನ್ನ ನಳಿಕೆಗಳಿಗೂ ನಂಬರು, ಒಂದರಿಂದ ಅರವತ್ತು.

ಇಪ್ಪತ್ಮೂರಕ್ಕೆ ಬಣ್ಣವೇ ಇರಲಿಲ್ಲ.
ನೇರಳಾತೀತ ದೀಪದಡಿ ಪ್ಲೇಟು ಹಿಡಿದರೆ
ಚುಕ್ಕೆ. ನೀಲಿ. ಒಂದೇ ಅಂದರೆ ಒಂದೇ.
ಕೂಗಿಬಿಟ್ಟೆ.
ವಾಚ್‌ಮನ್ ಮೌಲಾಸಾಬ ಓಡಿಬಂದು
"ಏನ್ ಒಡೀತ್ರೀ ಬಾಯಾರ?" ಅಂದ.

ಹನ್ನೊಂದು ಮಿಲಿಗ್ರಾಂ.
ತಪ್ಪಲು ಹೊತ್ತ ಚೀಲಕ್ಕೇ ನಗು ಬರುವಷ್ಟು.
ಧಾರವಾಡದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ.
ದೊಡ್ಡ ಅಯಸ್ಕಾಂತದ ಹೊಟ್ಟೆಯೊಳಗೆ
ಹೈಡ್ರೋಜನ್ನುಗಳು ಬಾಯಿಬಿಟ್ಟವು.
ತಮ್ಮ ಹೆಸರು ಅವಕ್ಕೆ ಗೊತ್ತಿಲ್ಲ,
ನೆರೆಮನೆಯಲ್ಲಿ ಎಷ್ಟು ಜನ ಅಂತಷ್ಟೇ ಹೇಳುತ್ತವೆ:
ಒಬ್ಬರಿದ್ದರೆ ಗೆರೆ ಎರಡಾಗಿ ಸೀಳುತ್ತದೆ,
ಇಬ್ಬರಿದ್ದರೆ ಮೂರಾಗಿ,
ಯಾರೂ ಇಲ್ಲದವನದು ಒಂಟಿ ಗೆರೆ, ನೆಟ್ಟಗೆ ನಿಂತಿರುತ್ತದೆ.
ಆ ಮಾತುಗಳನ್ನು ಜೋಡಿಸಿ, ಕೆಡಿಸಿ, ಜೋಡಿಸಿ
ವಾರಕ್ಕೆ ಕಾಗದದ ಮೇಲೊಂದು ಓಣಿ ಎದ್ದಿತು.
ಆರು ಮೂಲೆಯ ಎರಡು ಮನೆ,
ನಡುವೆ ಆಮ್ಲಜನಕದ ಸಣ್ಣ ಕಟ್ಟೆ.
ಹುಡುಕಿದರೆ, ಹಳೆಯದೇ.
ಬೇರೆ ದೇಶದ ಬೇರೆ ಗಿಡದಲ್ಲಿ ಯಾರೋ ಕಂಡು
ಎಂದೋ ಹೆಸರಿಟ್ಟು ಹೋಗಿದ್ದರು.

ಆಮೇಲೆ ಯಕೃತ್ತಿನ ಜೀವಕೋಶಗಳು, ವಿಷ ಉಂಡವು.
ಕಪ್ಪು ಜಿಗುಟು ಹಾಕಿದ ತಟ್ಟೆಯಲ್ಲಿ ಬದುಕಿದವು.
ಶುದ್ಧ ಇಪ್ಪತ್ಮೂರು ಹಾಕಿದ ತಟ್ಟೆಯಲ್ಲಿ
ಇಲ್ಲ.
ಮೂರು ಸಲ ಮಾಡಿದೆ.

ಶನಿವಾರ ಸಂಜೆ ಸೆಕ್ಟರ್ ನಲವತ್ತೇಳು.
ಯಮನವ್ವ ಜೋಳ ಹಸನು ಮಾಡುತ್ತಿದ್ದಳು.
ನಾನು ಬಾಯಿ ತೆರೆಯುವ ಮೊದಲೇ
"ಹೆಸರ ಹಿಡದೇನು?"
ಹೂಂ.
"ಅದರ ಕೂಡ ಯಾರ್ಯಾರ ಇದ್ರು?"
ಗೊತ್ತಿಲ್ಲ ಅಂದೆ. ಐವತ್ತೊಂಬತ್ತು ನಳಿಕೆ
ಫ್ರಿಜ್ಜಿನಲ್ಲಿವೆ.
ಮೊರ ತಟ್ಟಿ, ಒಂದು ಹಳ್ಳು ಆರಿಸಿ
ನನ್ನ ಅಂಗೈಗೆ ಹಾಕಿದಳು.
"ಇದಕ್ಕೂ ಹೆಸರೈತೇನ ನೋಡು."

ಇವತ್ತು ನಸುಕಿನಲ್ಲೇ ಲ್ಯಾಬಿನ ಬೀಗ ತೆಗೆದು
ಇಪ್ಪತ್ಮೂರಕ್ಕೆ
ಇಪ್ಪತ್ನಾಲ್ಕರ ಒಂದು ಹನಿ ಹಾಕಿದ್ದೇನೆ.
ಕಾಯುತ್ತಿದ್ದೇನೆ.
ಏಪ್ರನ್ನಿನ ಕಿಸೆಯಲ್ಲಿ ಹಳ್ಳು.